ತನ್ನ ಓಣಿಯ ಕಸ

ಹಾವೇರಿ ಸೀಮೆಯಲ್ಲಿ ಶಾಲೆ ಕಲಿತವರಿಗೆ ಹೊಸರಿತ್ತಿಯ ಮೂರು ಹೆಸರುಗಳನ್ನು ಬಿಡಿಸಿ ಹೇಳಬೇಕಿಲ್ಲ: ಮೈಲಾರ ಮಹದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. 1943ರ ಏಪ್ರಿಲ್ 1ರಂದು ಸರ್ಕಾರದ ಕಂದಾಯದ ಹಣಕ್ಕೆ ಪೊಲೀಸರು ಕಾವಲು ಕೂತಿದ್ದ ವೀರಭದ್ರನ ಗುಡಿಯ ಮೇಲೆ ಏರಿಹೋಗಿ ಮೂವರೂ ಗುಂಡಿಗೆ ಎದೆಯೊಡ್ಡಿದರು. ಈ ಭಾಗದಲ್ಲಿ ಅಡ್ಡಹೆಸರು ಕೇಳಿದರೆ ಸಾಕು, ಜಾತಿ ಕೇಳುವ ಕಷ್ಟ ತಪ್ಪುತ್ತದೆ. ಮಡಿವಾಳರ ಎಂದರೆ ಊರಿನ ಅರಿವೆ ಒಗೆದು ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯ ಎತ್ತುವ ಮನೆತನ. ಹಿರೇಮಠ ಎಂದರೆ ಊರು ಕಾಲಿಗೆ ಬೀಳುವ ಅಯ್ಯನವರ ಮನೆತನ. ಮೈಲಾರ ದೇವರ ಹೆಸರು, ಅದರಿಂದ ಗುಟ್ಟು ಅಷ್ಟು ಬೇಗ ಬಿಡುವುದಿಲ್ಲ. ಸಾವಿನಲ್ಲಿ ಈ ಹೆಸರುಗಳು ಒಂದೇ ಸಾಲಿನಲ್ಲಿ ಬಂದವು ಎಂದು ಭಾಷಣಗಳಲ್ಲಿ ಹೆಮ್ಮೆಪಡುತ್ತೇವೆ, ಪಡಬೇಕಾದದ್ದೇ. ಆದರೆ ಪೊಲೀಸರ ಎದುರು ಒಂದಾಗುವುದು ಬೇರೆ, ಊಟದ ಪಂಕ್ತಿಯಲ್ಲಿ ಒಂದಾಗುವುದು ಬೇರೆ. ಹುಟ್ಟಿನಿಂದಲೇ ಮೇಲುಗೈ ಪಡೆದವರು ಆ ಮೇಲುಗೈಯನ್ನೇ ಪ್ರಶ್ನಿಸಿ, ತಮ್ಮ ಜಾತಿಯವರನ್ನೇ ಎದುರುಹಾಕಿಕೊಂಡ ಚರಿತ್ರೆಯೊಂದು ಈ ಸೀಮೆಗೂ ಇದೆ. ಅದು ಸಣ್ಣದು, ಹರಕುಮುರುಕು. ಅದನ್ನು ಜೋಡಿಸಿ ನೋಡಿದರೆ ನನಗೆ ಒಂದು ಸಂಗತಿ ಎದ್ದು ಕಾಣುತ್ತದೆ: ಮೇಲ್ಜಾತಿಯ ಯುವಕರು ಕೆಳಗಿನ ಕೇರಿಗೆ ಹೋಗಿ ಮಾಡಿದ ಸೇವೆಯನ್ನು ನಾವು ನೆನಪಿಟ್ಟಿದ್ದೇವೆ, ತಮ್ಮ ಓಣಿಯಲ್ಲಿ ನಿಂತು ಮಾಡಿದ ಜಗಳವನ್ನು ಮರೆತಿದ್ದೇವೆ. ಏನಾದರೂ ಅಲುಗಿದ್ದರೆ ಅಲುಗಿದ್ದು ಆ ಜಗಳದಿಂದ.

ಮಹದೇವಪ್ಪ ಹುಟ್ಟಿದ್ದು 1911ರಲ್ಲಿ, ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ. ಖಾದಿಯ ಬೆನ್ನುಹತ್ತಿ ಸಬರಮತಿ ಮುಟ್ಟಿದರು. 1930ರ ಮಾರ್ಚ್ 12ರಂದು ಗಾಂಧಿಯ ಹಿಂದೆ ದಂಡಿಗೆ ಹೆಜ್ಜೆ ಹಾಕಿದವರಲ್ಲಿ ಕನ್ನಡದ ನೆಲದಿಂದ ಹೋದವರು ಅವರೊಬ್ಬರೇ. ವಯಸ್ಸು ಇನ್ನೂ 19 ತುಂಬಿರಲಿಲ್ಲ. ಆ ನಡಿಗೆಯ ಮಾತು ಎಲ್ಲ ಪಠ್ಯಗಳಲ್ಲಿದೆ. ನಡಿಗೆಗೆ ಮೊದಲು ಆಶ್ರಮ ಅವರ ಕೈಗೆ ಕೊಟ್ಟ ಕೆಲಸದ ಮಾತು ಯಾವ ಪಠ್ಯದಲ್ಲೂ ಇಲ್ಲ. ಸಬರಮತಿಯಲ್ಲಿ ಪಾಯಿಖಾನೆ ಬಳಿಯಲು ಬೇರೆ ಜಾತಿಯ ಆಳುಗಳಿರಲಿಲ್ಲ. ಆಶ್ರಮವಾಸಿಗಳೇ ಸರದಿಯ ಮೇಲೆ ಬಾಲ್ದಿ ಎತ್ತಬೇಕು, ಗುಂಡಿಗೆ ಸುರಿಯಬೇಕು, ಮೇಲೆ ಮಣ್ಣು ಎಳೆಯಬೇಕು, ಬಾಲ್ದಿ ತೊಳೆದಿಟ್ಟು ಸ್ನಾನ ಮಾಡಿ ಪ್ರಾರ್ಥನೆಗೆ ಹೋಗಬೇಕು. ಬ್ರಾಹ್ಮಣನಾಗಲಿ ಬನಿಯಾ ಆಗಲಿ ವಿನಾಯಿತಿ ಇಲ್ಲ. ಇದನ್ನು ಶುಚಿತ್ವದ ಪಾಠವೆಂದು ಓದಿದರೆ ಅರ್ಧ ಓದಿದಂತೆ. ಆ ಕಾಲದ ಊರಿನಲ್ಲಿ ಮಲ ಹೊರುವುದು ಒಂದು ಜಾತಿಯ ಹುಟ್ಟುಗುರುತು. ಮುಟ್ಟಬಾರದವನು ಯಾರು ಎಂದು ಊರು ತೀರ್ಮಾನಿಸುತ್ತಿದ್ದುದೇ ಆ ಕೆಲಸದಿಂದ. ಊರಿನ ಮರ್ಯಾದಸ್ತರ ಮನೆಯ ಹುಡುಗ ಬಾಲ್ದಿಗೆ ಕೈ ಹಾಕಿದನೆಂದರೆ ತನ್ನ ಜಾತಿಯ ಲೆಕ್ಕದಲ್ಲಿ ಕೆಟ್ಟನೆಂದೇ ಅರ್ಥ. ಹಾಗೆ ಕೆಡಿಸುವುದೇ ಆ ಸರದಿಯ ಗುರಿಯಾಗಿತ್ತು.

ಗಾಂಧಿಗೆ ಇದು ಸುಲಭಕ್ಕೆ ದಕ್ಕಿದ್ದಲ್ಲ. 1915ರಲ್ಲಿ ಆಶ್ರಮ ಇನ್ನೂ ಕೋಚರಬಿನಲ್ಲಿದ್ದಾಗ ದೂದಾಭಾಯಿ ಎಂಬ ಅಸ್ಪೃಶ್ಯ ಶಿಕ್ಷಕರು ಹೆಂಡತಿ ದಾನಿಬೆನ್ ಮತ್ತು ಕೂಸು ಲಕ್ಷ್ಮಿಯನ್ನು ಕರೆದುಕೊಂಡು ಬಂದು ಸೇರಿದರು. ಬಾವಿಯಲ್ಲಿ ನೀರು ಸೇದುವವನು ತನ್ನ ಕೊಡಕ್ಕೆ ಹನಿ ಸಿಡಿದರೂ ಮೈಲಿಗೆಯೆಂದು ಬೈಯತೊಡಗಿದ. ಹಣ ಕೊಡುತ್ತಿದ್ದವರು ಕೈ ಹಿಂದೆಗೆದರು. ಒಳಗೆ ಕಸ್ತೂರಬಾ ಅವರಿಗೇ ಇದು ಸರಿಬರಲಿಲ್ಲ. ಹೆಸರು ಹೇಳದ ಒಬ್ಬ ಸಾಹುಕಾರರು ಕಾರಿನಲ್ಲಿ ಬಂದು 13,000 ರೂಪಾಯಿ ಕೊಟ್ಟು ಹೋಗದಿದ್ದರೆ ಆಶ್ರಮ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಈ ಕಥೆಯಲ್ಲಿ ನನಗೆ ಮುಖ್ಯವೆನಿಸುವುದು ಜಗಳ ನಡೆದ ಜಾಗ. ಯಾರೂ ದೂದಾಭಾಯಿಯ ಕೇರಿಗೆ ಹೋಗಿ ಸಾಬೂನು ಹಚ್ಚುವುದನ್ನು ಕಲಿಸಲಿಲ್ಲ. ಬದಲಾಗಬೇಕಾದದ್ದು ಮೇಲ್ಜಾತಿಯವರ ಅಡಿಗೆಮನೆ, ಅವರ ಬಾವಿ, ಅವರ ಗಂಡಹೆಂಡಿರ ನಡುವಿನ ಮಾತು. ಮಹದೇವಪ್ಪ ಮತ್ತು ಆಮೇಲೆ ಆಶ್ರಮ ಸೇರಿ ಸೆರೆಮನೆಯನ್ನೂ ಕಂಡ ಅವರ ಪತ್ನಿ ಸಿದ್ದಮ್ಮ ಕಲಿತದ್ದು ಇಂಥ ಮನೆಯಲ್ಲಿ. ಊರ ಕಡೆ ಬಂದು ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿದಾಗ ಅವರು ಜೊತೆಗೆ ತಂದದ್ದು ಚರಕವೊಂದನ್ನೇ ಎಂದು ನಾನು ನಂಬಲಾರೆ. ನಮ್ಮ ನೆನಪು ಮಾತ್ರ ಚರಕವನ್ನೂ ಗುಂಡನ್ನೂ ಇಟ್ಟುಕೊಂಡು ಕಸಬರಿಗೆಯನ್ನು ಹೊರಗೆ ಹಾಕಿದೆ.

1933ರ ನವೆಂಬರಿನಲ್ಲಿ ವಾರ್ಧಾದಿಂದ ಹೊರಟ ಗಾಂಧಿಯ ಹರಿಜನ ಯಾತ್ರೆ ಸುಮಾರು 12,500 ಮೈಲಿ ಸುತ್ತಿತು. 1934ರ ಮಾರ್ಚ್ ತಿಂಗಳ ಮೊದಲ ದಿನಗಳಲ್ಲಿ ಅದು ಈ ಸೀಮೆಯ ಮೇಲೆಯೇ ಹಾದುಹೋಯಿತು. ಯಾತ್ರೆಯ ಕ್ರಮ ಎಲ್ಲ ಊರಿನಲ್ಲೂ ಒಂದೇ: ಸಭೆ, ಹಮ್ಮಿಣಿ ಅರ್ಪಣೆ, ಹೆಂಗಸರು ಬಿಚ್ಚಿಕೊಡುವ ಬಳೆ ಉಂಗುರ, ಅಲ್ಲೇ ಅವುಗಳ ಹರಾಜು, ಹರಿಜನ ಕೇರಿಗೆ ಒಂದು ಭೇಟಿ. ಒಟ್ಟು ಸುಮಾರು 8 ಲಕ್ಷ ರೂಪಾಯಿ ಕೂಡಿತು. ಬಂಗಾರದ ಬಳೆ ಬಿಚ್ಚಿಕೊಡುವುದು ಸಣ್ಣ ಮಾತಲ್ಲ. ಆದರೂ ಬಳೆ ಕೊಟ್ಟ ಕೈ ಮರುದಿನ ಕುಡಿಯುವ ನೀರನ್ನು ಎತ್ತರದಿಂದಲೇ ಬೊಗಸೆಗೆ ಸುರಿಯಬಹುದಿತ್ತು. ಒಂದಕ್ಕೂ ಇನ್ನೊಂದಕ್ಕೂ ಅಡ್ಡಿಯಿರಲಿಲ್ಲ. ಪೂನಾ ಒಪ್ಪಂದದ ಬೆನ್ನಿಗೇ, 1932ರ ಸೆಪ್ಟೆಂಬರ್ ಕೊನೆಗೆ ಹುಟ್ಟಿದ ಹರಿಜನ ಸೇವಕ ಸಂಘದ ಬಗ್ಗೆ ಅಂಬೇಡ್ಕರರು ಎತ್ತಿದ ತಕರಾರು ಇದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಆ ವರ್ಷದ ನವೆಂಬರಿನಲ್ಲಿ ಲಂಡನ್ನಿಗೆ ಹೋಗುವ ಹಡಗಿನಿಂದ ಅವರು ಸಂಘದ ಕಾರ್ಯದರ್ಶಿ ಎ. ವಿ. ಠಕ್ಕರ್ ಅವರಿಗೆ ದೀರ್ಘ ಪತ್ರ ಬರೆದರು. ಒಬ್ಬೊಬ್ಬ ಅಸ್ಪೃಶ್ಯನನ್ನು ತಿದ್ದಿ ಉದ್ಧಾರ ಮಾಡುವ ಕೆಲಸ ಬೇಡ. ಬಾವಿ, ಶಾಲೆ, ಚಾವಡಿ, ಬಾಡಿಗೆ ಗಾಡಿ ಇವುಗಳ ಹಕ್ಕಿಗಾಗಿ ಹಳ್ಳಿಹಳ್ಳಿಯಲ್ಲಿ ಚಳವಳಿ ಮಾಡಿ. ಗದ್ದಲವಾಗುತ್ತದೆ, ಆಗಲಿ, ಗದ್ದಲವೆದ್ದಾಗಲೇ ಸವರ್ಣೀಯನು ಯೋಚಿಸಲು ಶುರುಮಾಡುವುದು. ಸವರ್ಣೀಯರು ಅಸ್ಪೃಶ್ಯರನ್ನು ತಮ್ಮ ಮನೆಯೊಳಗೆ ಅತಿಥಿಗಳಾಗಿಯೋ ಕೆಲಸದವರಾಗಿಯೋ ಸೇರಿಸಿಕೊಳ್ಳಲಿ. ಇದು ಪತ್ರದ ಸಾರ. ಸಂಘ ಆ ದಾರಿ ಹಿಡಿಯಲಿಲ್ಲ, ಅಂಬೇಡ್ಕರರು ದೂರವಾದರು.

ಸಂಘದ ಆಡಳಿತದಲ್ಲಿ ಅಸ್ಪೃಶ್ಯರೇ ಏಕಿಲ್ಲ ಎಂಬ ಪ್ರಶ್ನೆಗೆ ಗಾಂಧಿ ಕೊಟ್ಟ ಉತ್ತರ ಪ್ರಸಿದ್ಧ: ಇದು ಸಾಲ ಮಾಡಿದವರ ಸಂಘ, ತೀರಿಸಬೇಕಾದವರು ನಾವೇ. ಮಾತು ಚೆನ್ನಾಗಿದೆ. ಮೇಲ್ಜಾತಿಯವರ ತಪ್ಪನ್ನು ಮೇಲ್ಜಾತಿಯವರೇ ತೊಳೆಯಬೇಕೆಂಬ ನ್ಯಾಯ ಅದರಲ್ಲಿದೆ. ಆದರೆ ಎಷ್ಟು ಸಾಲ, ಯಾವ ನಾಣ್ಯದಲ್ಲಿ ತೀರಿಕೆ ಎಂಬುದನ್ನು ಸಾಲಗಾರನೇ ಗೊತ್ತುಮಾಡಿಕೊಂಡರೆ ಕೊಟ್ಟವನ ಪಾಡೇನು? ಸಬರಮತಿಯ ಬಾಲ್ದಿ ಮತ್ತು ಸೇವಕ ಸಂಘದ ಹಮ್ಮಿಣಿ ಒಬ್ಬರೇ ಮನುಷ್ಯರ ಎರಡು ಯೋಜನೆಗಳು. ಮೊದಲನೆಯದು ತನ್ನ ಮನೆ ಕೆದಕಿತು, ಎರಡನೆಯದು ಇನ್ನೊಬ್ಬರ ಕೇರಿ ನೋಡಲು ಹೋಯಿತು. ಅಮೆರಿಕದ ಕಪ್ಪು ಜನರ ಚಳವಳಿಯಲ್ಲೂ ಮೂರು ದಶಕಗಳ ಬಳಿಕ ಇದೇ ಗಂಟು ಬಿಗಿಯಿತು. 1964ರ ಬೇಸಿಗೆಯಲ್ಲಿ ಉತ್ತರದ ಕಾಲೇಜುಗಳಿಂದ ನೂರಾರು ಬಿಳಿಯ ವಿದ್ಯಾರ್ಥಿಗಳು ಮಿಸಿಸಿಪ್ಪಿಗೆ ಹೋಗಿ ಕಪ್ಪು ಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ದುಡಿದರು. ಕೆಲವರು ಜೀವವನ್ನೇ ತೆತ್ತರು. 1966ರ ಹೊತ್ತಿಗೆ ಆ ಚಳವಳಿಯ ಮುಂದಾಳು ಸ್ಟೋಕ್ಲಿ ಕಾರ್ಮೈಕೇಲ್ ಮತ್ತು ಗೆಳೆಯರು ಅವರಿಗೆ ಹೇಳಿದ್ದು ಇಷ್ಟು: ನಮ್ಮ ಓಣಿಯಲ್ಲಿ ನಿಮಗೆ ಕೆಲಸವಿಲ್ಲ, ದ್ವೇಷ ಇರುವುದು ನಿಮ್ಮವರ ಓಣಿಯಲ್ಲಿ, ಅಲ್ಲಿಗೆ ಹೋಗಿ. ಅನೇಕರಿಗೆ ಇದು ಕೃತಘ್ನತೆಯಾಗಿ ಕಂಡಿತು. ನ್ಯಾಶ್‌ವಿಲ್ಲಿನಲ್ಲಿ 1964ರಲ್ಲೇ ಸಂಘ ಕಟ್ಟಿಕೊಂಡಿದ್ದ ದಕ್ಷಿಣದ ಬಿಳಿಯ ವಿದ್ಯಾರ್ಥಿಗಳಿಗೆ ಮಾತ್ರ ಆ ಮಾತಿನ ಭಾರ ಮೊದಲೇ ಗೊತ್ತಿತ್ತು: ಅಪರಿಚಿತ ಊರಿನಲ್ಲಿ ಪೊಲೀಸರ ಲಾಠಿ ತಿನ್ನಬಹುದು, ಸ್ವಂತ ಅಪ್ಪನ ಎದುರು ಊಟದ ಮೇಜಿನಲ್ಲಿ ಬಾಯಿ ತೆರೆಯುವುದು ಕಷ್ಟ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ದಾಟಿ ಹೋಗುವಂತಿಲ್ಲ. ಅಮೆರಿಕದಲ್ಲಿ ಬಿಳಿಯರು ಯಾರು ಎಂಬುದು ಚರ್ಮದ ಮೇಲೆ ಬರೆದಿದೆ. ಹಾವೇರಿ, ರಾಣೇಬೆನ್ನೂರಿನಲ್ಲಿ ಬಿಳಿಯರು ಯಾರು? ಇಲ್ಲಿನ ದೊಡ್ಡ ಸಮುದಾಯಗಳಾದ ಲಿಂಗಾಯತರು, ರಡ್ಡಿಗಳು, ಕುರುಬರು ಮುಂಬೈ ಇಲಾಖೆಯ ಕಾಲದಲ್ಲಿ ತಾವೇ ಬ್ರಾಹ್ಮಣರ ಕೆಳಗಿದ್ದೇವೆಂದು ಹೋರಾಡಿದವರು. ಕಚೇರಿ, ಶಾಲೆ, ವಕೀಲಿಕೆ ಎಲ್ಲವೂ ಬ್ರಾಹ್ಮಣರ ಕೈಯಲ್ಲಿದ್ದಾಗ ಹಳ್ಳಿಯ ಒಕ್ಕಲಿನ ಹುಡುಗನಿಗೆ ಧಾರವಾಡದಲ್ಲಿ ಕಾಲೂರಲು ಜಾಗವಿರಲಿಲ್ಲ. ರಾಣೇಬೆನ್ನೂರು ತಾಲ್ಲೂಕಿನ ಜೋಯಿಸರಹರಳಹಳ್ಳಿಯಲ್ಲಿ ಹುಟ್ಟಿದ ಹಾನಗಲ್ಲ ಕುಮಾರಸ್ವಾಮಿಗಳು 1904ರಲ್ಲಿ ವೀರಶೈವ ಮಹಾಸಭೆಯನ್ನು, 1909ರಲ್ಲಿ ಶಿವಯೋಗಮಂದಿರವನ್ನು ಕಟ್ಟಿದ್ದು, 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸೊಸೈಟಿ ಎದ್ದದ್ದು, ಮಠಗಳು ಪ್ರಸಾದ ನಿಲಯ ತೆರೆದು ಅನ್ನ ಹಾಕಿದ್ದು ಈ ಕೊರತೆಗೆ ಕೊಟ್ಟ ಉತ್ತರ. ಇವತ್ತು ಹಾವೇರಿಯಲ್ಲಿ ಗುದ್ಲೆಪ್ಪ ಹಳ್ಳಿಕೇರಿಯವರ ಹೆಸರಿನ ಕಾಲೇಜು ಇದೆಯೆಂದರೆ ಅದರ ಹಿಂದೆ ಅದೇ ಬೆವರಿದೆ. ಇಂಥವರಿಗೆ ನಿಮ್ಮ ಮೇಲುಗೈ ಬಿಡಿ ಎಂದರೆ, ನಮಗೆ ಅದು ಸಿಕ್ಕಿದ್ದಾದರೂ ಯಾವಾಗ ಎಂದು ಕೇಳುತ್ತಾರೆ. ಕೇಳುವುದರಲ್ಲಿ ನಿಜವಿದೆ.

ಆದರೆ ಅದು ಪೂರ್ತಿ ನಿಜವಲ್ಲ. ಅಂಬೇಡ್ಕರರು ಜಾತಿಯನ್ನು ಮೆಟ್ಟಿಲುಮೆಟ್ಟಿಲಾದ ಅಸಮಾನತೆ ಎಂದದ್ದು ಈ ಉತ್ತರವನ್ನು ಮೊದಲೇ ಕೇಳಿಸಿಕೊಂಡವರಂತೆ. ನಡುವಿನ ಮೆಟ್ಟಿಲಿನವನಿಗೆ ಮೇಲಿನವನು ತುಳಿದ ಗಾಯ ನೆನಪಿರುತ್ತದೆ. ತನ್ನ ಕಾಲ ಕೆಳಗೆ ಯಾರ ತಲೆಯಿದೆ ಎಂಬುದು ಕಾಣುವುದಿಲ್ಲ. 1923ರ ಆಗಸ್ಟ್‌ನಲ್ಲಿ ಮುಂಬೈ ಶಾಸನಸಭೆ ಬೋಳೆ ನಿರ್ಣಯವನ್ನು ಒಪ್ಪಿ ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿವೆ ಎಂದಿತು. ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗೂ ಆ ನಿರ್ಣಯ ಅನ್ವಯಿಸುತ್ತಿತ್ತು. ಬಾವಿಗೆ ಅಡ್ಡ ನಿಲ್ಲಲು ಹಳ್ಳಿಗಳಲ್ಲಿ ಅಗ್ರಹಾರವೇ ಬೇಕಿರಲಿಲ್ಲ, ಒಕ್ಕಲಿನ ಓಣಿ ಸಾಕಾಗಿತ್ತು. ಪ್ರಸಾದ ನಿಲಯಗಳ ಪಂಕ್ತಿಯಲ್ಲೂ ಹೊಲಗೇರಿಯ ಹುಡುಗರಿಗೆ ಎಲೆ ಹಾಕುವ ರೂಢಿ ಇರಲಿಲ್ಲ. ಇದ್ದಿದ್ದರೆ 1928ರಲ್ಲಿ ಮುಂಬೈ ಸರ್ಕಾರ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಐದು ವಸತಿನಿಲಯ ಮಂಜೂರು ಮಾಡಿದಾಗ ಅದರಲ್ಲೊಂದು ಧಾರವಾಡಕ್ಕೇ ಬರುವ, ಅಂಬೇಡ್ಕರರ ಸಂಸ್ಥೆ ಅದನ್ನು ನೋಡಿಕೊಳ್ಳುವ ಅಗತ್ಯವೇನಿತ್ತು? ಒಂದೇ ಊರಿನಲ್ಲಿ ವಿದ್ಯಾರ್ಥಿಗಳ ಒಲೆಗಳು ಬೇರೆಬೇರೆಯಾಗಿ ಹೊತ್ತಿದವು. ಗೌಡಿಕೆಯ ವಿಷಯವನ್ನೇ ನೋಡಿ. 1930ರ ದಶಕದ ಕಾಯಿದೆಭಂಗದಲ್ಲಿ ಕರ್ನಾಟಕದ ಎಷ್ಟೋ ಹಳ್ಳಿಗಳ ಗೌಡರು ಸರ್ಕಾರಕ್ಕೆ ರಾಜೀನಾಮೆ ಬಿಸಾಕಿದರು. ಅದು ಧೈರ್ಯದ ಕೆಲಸ. ಆದರೆ ಬಿಟ್ಟದ್ದು ಬ್ರಿಟಿಷರ ನೌಕರಿಯನ್ನು. ತಳವಾರ, ಹೊಲೆಯ, ಮಡಿವಾಳ ತನ್ನ ಬಾಗಿಲಿಗೆ ಬಂದು ನಿಲ್ಲಬೇಕೆಂಬ ಹಕ್ಕನ್ನು ಗೌಡ ತಾನಾಗಿ ಬಿಟ್ಟುಕೊಟ್ಟದ್ದು ಕಡಿಮೆ. ವಂಶಪಾರಂಪರ್ಯದ ಗ್ರಾಮ ಅಧಿಕಾರ ಹೋದದ್ದು 1961ರ ಕಾಯ್ದೆಯಿಂದ, 1963ರಲ್ಲಿ. ಮನಸ್ಸು ಬದಲಾಗಲೆಂದು ಕಾದಿದ್ದರೆ ಇನ್ನೂ ಕಾಯುತ್ತಿದ್ದೆವು.

ಹಾಗಾದರೆ ಮನಸ್ಸಿನ ಬದಲಾವಣೆಗೆ ಬೆಲೆಯೇ ಇಲ್ಲವೇ, ಎಲ್ಲವನ್ನೂ ಕಾಯ್ದೆಗೆ ಬಿಡೋಣವೇ ಎಂದು ಕೇಳಬಹುದು. ಈ ಸೀಮೆಯ ಜನ ಅದಕ್ಕೆ ಬೆಲೆ ಕೊಟ್ಟಿದ್ದಾರೆಂದು ಅವರು ಕಟ್ಟಿಕೊಂಡ ಕಥೆಗಳೇ ಹೇಳುತ್ತವೆ. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಕನಕ ವ್ಯಾಸರಾಯರ ಬಳಿ ಹೋದಾಗ ಮಠದ ಶಿಷ್ಯರು ಮೂಗು ಮುರಿದರಂತೆ. ಯಾರೂ ನೋಡದ ಜಾಗದಲ್ಲಿ ತಿಂದು ಬನ್ನಿ ಎಂದು ಗುರು ಎಲ್ಲರಿಗೂ ಬಾಳೆಹಣ್ಣು ಕೊಟ್ಟದ್ದು, ದೇವರಿಲ್ಲದ ಜಾಗ ಸಿಗದೆ ಕನಕ ಹಣ್ಣನ್ನು ಹಾಗೇ ಹಿಂದೆ ತಂದದ್ದು ಎಲ್ಲ ಮಕ್ಕಳಿಗೂ ಗೊತ್ತು. ನಾವು ಇದನ್ನು ಕನಕನ ಜಾಣ್ಮೆಯ ಕಥೆಯಾಗಿ ಹೇಳುತ್ತೇವೆ. ಆದರೆ ಪರೀಕ್ಷೆಗೆ ಕೂತವರು ಉಳಿದ ಶಿಷ್ಯರು, ನಪಾಸಾದವರೂ ಅವರೇ. ಗುರು ತನ್ನ ಜಾತಿಯ ವಿದ್ಯಾರ್ಥಿಗಳನ್ನು ಅವರ ಪಂಕ್ತಿಯ ಎದುರೇ ನಾಚಿಸಿದ ಕಥೆ ಇದು. ಶಿಗ್ಗಾವಿ ತಾಲ್ಲೂಕಿನ ಶಿಶುನಾಳ ಶರೀಫರಿಗೆ ಕಳಸದ ಗೋವಿಂದಭಟ್ಟರು ಜನಿವಾರ ಹಾಕಿ ಶಿಷ್ಯನೆಂದು ಒಪ್ಪಿಕೊಂಡರು, ತಮ್ಮ ಜಾತಿಯವರ ಬೈಗುಳಕ್ಕೆ ಸೊಪ್ಪು ಹಾಕಲಿಲ್ಲ ಎಂಬುದೂ ಅದೇ ದಾರಿಯ ನೆನಪು. ಇವುಗಳಲ್ಲಿ ನಡೆದದ್ದೆಷ್ಟು, ಜನ ಸೇರಿಸಿದ್ದೆಷ್ಟು ಎಂದು ಬೇರ್ಪಡಿಸುವ ಗೋಜಿಗೆ ನಾನು ಹೋಗುವುದಿಲ್ಲ. ದೊಡ್ಡತನವೆಂದು ಜನ ಎಣಿಸಿದ್ದು ಯಾವುದನ್ನು ಎಂಬುದು ಸ್ಪಷ್ಟವಿದೆ: ಕೆಳಗಿನವರಿಗೆ ಉಪದೇಶ ಮಾಡಿದ್ದನ್ನಲ್ಲ, ಸ್ವಂತ ಮಠದಲ್ಲಿ ಮುಜುಗರ ಎಬ್ಬಿಸಿದ್ದನ್ನು.

ವಿದ್ಯಾರ್ಥಿಗಳೇ ಬೀದಿಗೆ ಬಂದ ಕಾಲದಲ್ಲಿ ಈ ಪಾಠ ತಿರುಗುಮುರುಗಾಯಿತು. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಮಾತಾಡುತ್ತ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರು. ದನಕ್ಕೆ ಹಾಕುವ ಬೂಸಾ ಏನೆಂದು ಒಕ್ಕಲುತನದ ಜನಕ್ಕೆ ಬಿಡಿಸಿ ಹೇಳಬೇಕಿಲ್ಲ. ಕಾಳು ಬೇರೆಯವರಿಗೆ, ಹೊಟ್ಟು ನಮಗೆ ಎಂಬ ಕುಟುಕು ಅದರಲ್ಲಿತ್ತು. ಮೇಲ್ಜಾತಿಯ ವಿದ್ಯಾರ್ಥಿಗಳು ಕನ್ನಡದ ಮಾನದ ಹೆಸರಿನಲ್ಲಿ ರೊಚ್ಚಿಗೆದ್ದರು, ದಲಿತ ವಿದ್ಯಾರ್ಥಿಗಳ ಹಾಸ್ಟೆಲುಗಳ ಮೇಲೆ ಕಲ್ಲು ಬಿದ್ದವು, ಬಸವಲಿಂಗಪ್ಪ ಮಂತ್ರಿ ಪದವಿ ಬಿಡಬೇಕಾಯಿತು. ರಾಣೇಬೆನ್ನೂರಿನಿಂದ ತುಂಗಭದ್ರೆ ದಾಟಿದರೆ ಸಿಗುವ ಹರಿಹರದಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳುತನದಲ್ಲಿ ದಲಿತ ಸಂಘರ್ಷ ಸಮಿತಿ ಬೇರೂರಿದ್ದು ಆ ಬಿಸಿಯ ಬೆನ್ನಿಗೆ. ಅದರಿಂದಾಚೆ ದಲಿತೇತರ ಗೆಳೆಯರ ಪ್ರಶ್ನೆ ಬದಲಾಯಿತು: ನಿಮಗಾಗಿ ಏನು ಮಾಡಲಿ ಎಂದು ಕೇಳಿಕೊಂಡು ಹೋಗುವ ಹಾಗಿರಲಿಲ್ಲ, ದಲಿತರು ತಮ್ಮ ಮಾತನ್ನು ತಾವೇ ಆಡುತ್ತಿದ್ದರು. ಉಳಿದದ್ದು ಸ್ವಂತ ಸಂಸ್ಥೆಗಳ ಒಳಗಿನ ಕೆಲಸ.

ಅದನ್ನು ಸೊಗಸಾಗಿ, ಸಾಕಷ್ಟು ಒರಟಾಗಿಯೂ ಮಾಡಿದವರು ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲರು, ಎಲ್ಲರ ಬಾಯಲ್ಲಿ ಚಂಪಾ. ಚಂಪಾ ಹೆಸರಿನಲ್ಲೇ ಪಾಟೀಲಿಕೆ ಇತ್ತು. ಧಾರವಾಡದಲ್ಲಿ ಪ್ರಾಧ್ಯಾಪಕರ ಕುರ್ಚಿ, ಗೆಳೆಯರ ಜೊತೆ 1964ರಿಂದ ತಂದ ‘ಸಂಕ್ರಮಣ’ ಪತ್ರಿಕೆ ಎಲ್ಲ ಇತ್ತು. 1979ರ ಧರ್ಮಸ್ಥಳ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಬೇಕೆಂದು ಚೆನ್ನಣ್ಣ ವಾಲೀಕಾರರು ಕೇಳಿದಾಗ, ಸಾಹಿತ್ಯದಲ್ಲಿ ಅಂಥ ಭೇದವಿಲ್ಲ ಎಂಬ ನಿಲುವಿಗೆ ಕನ್ನಡ ಸಾಹಿತ್ಯ ಪರಿಷತ್ತು ಅಂಟಿಕೊಂಡಿತು. ಭೇದವಿಲ್ಲ ಎನ್ನುವ ಮಾತು ಯಾವಾಗಲೂ ಭೇದದಿಂದ ನಷ್ಟವಾಗದವರ ಬಾಯಿಂದಲೇ ಬರುತ್ತದೆ, ಗಮನಿಸಿ. ಚಂಪಾ ಮತ್ತವರ ಜೊತೆಗಾರರು ಪರಿಷತ್ತಿಗೆ ಸಡ್ಡು ಹೊಡೆದು ಅದೇ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಸಿದರು. ಅವರು ದಲಿತರಿಗೆ ಸಾಹಿತ್ಯ ಕಲಿಸಲು ಹೋಗಲಿಲ್ಲ. ತಮ್ಮಂಥವರಿಗೆ ಹುಟ್ಟಿನಿಂದಲೇ ಜಾಗ ಕಾದಿರಿಸಿದ್ದ ಜಗುಲಿಯ ಮೇಲೆ ರಂಪ ಮಾಡಿದರು. ಇಲ್ಲೂ ಆಕ್ಷೇಪವುಂಟು: ಪಾಟೀಲ ಎಂಬ ಅಡ್ಡಹೆಸರನ್ನೇ ಬಿಡದವರ ಬಂಡಾಯ ಎಂಥದು? ಅಡ್ಡಹೆಸರು ಬಿಡುವುದು, ಜನಿವಾರ ಕಿತ್ತೊಗೆಯುವುದು, 1966ರಲ್ಲಿ ಕುವೆಂಪು ಮಗನಿಗೆ ಮಾಡಿದಂಥ ಮಂತ್ರಮಾಂಗಲ್ಯದ ಮದುವೆ ಆ ಪೀಳಿಗೆಯ ಹುಡುಗರಿಗೆ ದೀಕ್ಷೆಯಿದ್ದಂತೆ. ಮದುವೆಯ ಮಾತಿಗೆ ನಾನು ತಲೆಬಾಗುತ್ತೇನೆ, ಅದು ಮನೆಯೊಳಗಿನ ಜಗಳ. ಹೆಸರಿನ ಬಗ್ಗೆ ಮಾತ್ರ ಅನುಮಾನವಿದೆ. ಹಿರೇಮಠ ಎಂಬುದನ್ನು ಅಳಿಸಿದವನಿಗೆ ಹೊಲ, ನೆಂಟರು, ಸಾಹುಕಾರನ ಅಂಗಡಿಯ ಉದ್ರಿ ಒಂದೂ ಕಡಿಮೆಯಾಗುವುದಿಲ್ಲ, ಊರಿಗೆ ಅವನ ಮನೆ ಗೊತ್ತು. ಮಾದರ ಎಂಬುದನ್ನು ಅಳಿಸಿದವನಿಗೂ ಊರು ಮನೆ ಗುರುತಿಸಿಯೇ ಚಾದ ಲೋಟ ಕೊಡುತ್ತದೆ. ಅಳಿಸುವ ಕೆಲಸ ಒಂದೇ, ಸಿಗುವ ಫಲ ಬೇರೆ.

ಚಂಪಾ ಮುಂದೆ ಅದೇ ಪರಿಷತ್ತಿನ ಅಧ್ಯಕ್ಷರಾದರು, 2017ರಲ್ಲಿ ಮೈಸೂರು ಸಮ್ಮೇಳನದ ಅಧ್ಯಕ್ಷತೆಯನ್ನೂ ವಹಿಸಿದರು. ಬಂಡಾಯ ಕೊನೆಗೆ ಕುರ್ಚಿಯಲ್ಲಿ ಕೂತಿತು ಎಂದು ಗೇಲಿ ಮಾಡಿದವರಿದ್ದಾರೆ. ಒಳಗಿನಿಂದ ಜಗಳವಾಡುವವನಿಗೆ ಈ ಅಪಾಯ ತಪ್ಪಿದ್ದಲ್ಲ. ಹೊರಗೆ ನಿಂತರೆ ಕೇಳುವವರಿಲ್ಲ, ಒಳಗೆ ಹೋದರೆ ಮೆತ್ತೆ ಬೆಚ್ಚಗಿರುತ್ತದೆ. ಸಂಶೋಧಕ ಎಂ. ಎಂ. ಕಲಬುರ್ಗಿಯವರ ಕೊಲೆಯ ಬಳಿಕ 2015ರಲ್ಲಿ ಪಂಪ ಪ್ರಶಸ್ತಿಯನ್ನು ಹಿಂದಿರುಗಿಸಿದ್ದನ್ನು ನೋಡಿದರೆ ಅವರಿಗೆ ಮೆತ್ತೆ ಪೂರ್ತಿ ಒಗ್ಗಿರಲಿಲ್ಲ ಅನಿಸುತ್ತದೆ. ಅವರು ತೀರಿಕೊಂಡದ್ದು 2022ರ ಜನವರಿಯಲ್ಲಿ. ಮರುವರ್ಷ ಅದೇ ತಿಂಗಳ 6ರಿಂದ 8ರವರೆಗೆ ಹಾವೇರಿಯಲ್ಲಿ ದೊಡ್ಡರಂಗೇಗೌಡರ ಅಧ್ಯಕ್ಷತೆಯಲ್ಲಿ 86ನೆಯ ಸಾಹಿತ್ಯ ಸಮ್ಮೇಳನ ನಡೆಯಿತು. ಗೋಷ್ಠಿಗಳಲ್ಲಿ ಮುಸ್ಲಿಂ ಲೇಖಕರನ್ನು ಬದಿಗೆ ಸರಿಸಲಾಗಿದೆ ಎಂಬ ಆರೋಪ ಎದ್ದಿತು, ಪರಿಷತ್ತು ಅದನ್ನು ಒಪ್ಪಲಿಲ್ಲ. ಮುಸ್ಲಿಮೇತರ ಬರಹಗಾರರೂ ಸೇರಿ 8ರಂದು ಪ್ರತಿರೋಧದ ಜನಸಾಹಿತ್ಯ ಸಮ್ಮೇಳನ ಮಾಡಿದರು. ಸ್ವಂತ ಜಗುಲಿಯ ಮೇಲಿನ ಜಗಳ ಅನ್ನುವುದಾದರೆ ಇದೂ 1979ರ ಸಾಲಿನದೇ. ಆದರೂ ಒಂದು ಮಾತು ಉಳಿಯುತ್ತದೆ. ಈ ಪ್ರತಿರೋಧದ ಸಮ್ಮೇಳನವೂ ನಡೆದದ್ದು ಬೆಂಗಳೂರಿನಲ್ಲಿ, ಹಾವೇರಿಯಿಂದ ಮುನ್ನೂರು ಕಿಲೋಮೀಟರಿಗೂ ಆಚೆ; ಚಂಪಾ ಹುಟ್ಟಿದ ಹತ್ತಿಮತ್ತೂರು, ಶರೀಫರ ಶಿಶುನಾಳ, ಗೋವಿಂದಭಟ್ಟರ ಕಳಸ ಎಲ್ಲವೂ ಹಾವೇರಿಯ ಆಸುಪಾಸಿನಲ್ಲೇ ಇವೆ.